ಮಂಜೂರಾದ ಸೇತುವೆ

ಕಮಲಾಪುರ
9 ಜನವರಿ 2025

ಇಕ್ಬಾಲ್ ಬೇಗಂ ಅವರಿಗೆ ಗುರುದೇವಿಯ ಶರಣಾರ್ಥಿ.

ಹೆಸರು ನೋಡಿದ ಕೂಡಲೇ ಕಾಗದ ಹರಿದು ಒಗೆಯಬೇಡಿ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಿದೆ. ನನ್ನ ದನಿ ಕೇಳುತ್ತಲೇ ಇಟ್ಟುಬಿಟ್ಟಿರಿ. ಕಾಗದದಲ್ಲಿ ಆ ಅನುಕೂಲ ಇಲ್ಲ. ಹರಿಯುವವರೂ ನಾಲ್ಕು ಸಾಲು ಓದಿಯೇ ಹರಿಯಬೇಕು.

ಹೋದ ವಾರ ನಮ್ಮ ಬಾಳೆತೋಟದ ಸಣ್ಣ ದಾರಿಯಲ್ಲಿ ಒಂದು ಮನೆ ಬಂದು ಸಿಕ್ಕಿಕೊಂಡಿತು. ತಮಾಷೆ ಅಲ್ಲ. ಒಳಗೆ ಹಾಸಿಗೆ, ಒಲೆ, ಬಚ್ಚಲು, ಕೆಳಗೆ ಗಾಲಿ. ನನ್ನ ಯಜಮಾನರು ಚಂದ್ರಶಾ ತೋಟದಿಂದಲೇ ಕೂಗಿದರು: "ಏ ಗುರುದೇವಿ, ಗಾಲಿಮನಿ ಬಂದದ ನೋಡ ಬಾ. ನಮ್ಮ ಮನೀಕಿಂತ ಛಲೋ ಅದ!" ಕಾರವಾನ್ ಅನ್ನುತ್ತಾರಂತೆ. ಬೆಳಗಾವಿಯ ಯಶವಂತ, ಪ್ರೀತಿ ಎಂಬ ಗಂಡ ಹೆಂಡತಿ, ಐವತ್ತರ ಆಸುಪಾಸಿನವರು, ಅದರಲ್ಲೇ ಊರೂರು ಸುತ್ತುತ್ತಾರೆ. ಫೋನಿನೊಳಗಿನ ಹೆಂಗಸು ಎಡಕ್ಕೆ ತಿರುಗಿ ಅಂದಳಂತೆ, ತಿರುಗಿದರು. ಅದರ ಹಿಂದಿನ ದಿನ ಅದೇ ಹೆಂಗಸು ಅವರನ್ನು ಕಲಬುರಗಿಯ ಶಹಾಬಜಾರದ ಓಣಿಗೆ ನುಗ್ಗಿಸಿದ್ದಳು. ಜನ ಸೇರಿ ಕೋಲಿನಿಂದ ಕರೆಂಟಿನ ತಂತಿ ಎತ್ತಿ ಹಿಡಿದು ಹೊರಗೆ ಹಾಕಿದರಂತೆ. ಗಾಡಿ ಎಷ್ಟು ಎತ್ತರ, ಎಷ್ಟು ಅಗಲ ಎಂಬುದು ಆಕೆಗೆ ಏನು ಗೊತ್ತು? ಆಕೆಗೆ ಸ್ಕೂಟರೂ ಒಂದೇ, ಗಾಲಿಮನೆಯೂ ಒಂದೇ.

ನಾನು ಮೂವತ್ತೆರಡು ವರ್ಷ ರಸ್ತೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದವಳು. ಇಂಜಿನಿಯರುಗಳ ಪೆನ್ಸಿಲ್ ಗೆರೆಗೆ ಮಸಿ ಹಾಕುವುದೇ ಕಸುಬು. ಹಳೆಯ ಟ್ರೇಸಿಂಗ್ ಹಾಳೆ ತೆಗೆದು, ಕಮಲಾಪುರದಿಂದ ಚಿಂಚೋಳಿಯ ತನಕ ಅವರಿಗೆ ಬರೆದು ಕೊಟ್ಟೆ. ಎಲ್ಲಿ ಹುಣಸೆ ಟೊಂಗೆ ಕೆಳಗೆ ಬಾಗಿದೆ, ಎಲ್ಲಿ ದೊಡ್ಡ ಗಾಡಿ ಹೊರಳಿಸಲು ಜಾಗ ಇದೆ, ಯಾವ ಬಾವಿಯ ನೀರು ಸಿಹಿ, ಯಾವ ಶಾಲೆಯ ಬಯಲಿನಲ್ಲಿ ನಿಲ್ಲಲು ಬಿಡುತ್ತಾರೆ. ಪ್ರೀತಿ ಹಾಳೆಯನ್ನು ಒಲೆಯ ಕಟ್ಟೆಯ ಮೇಲೆ ಹರವಿಕೊಂಡು ಬಹಳ ಹೊತ್ತು ನೋಡಿದಳು. "ಫೋನು ಎಲ್ಲಿ ಹೊಳ್ಳಬೇಕು ಅಂತ ಹೇಳತೈತ್ರಿ. ನಾವು ಎಲ್ಲಿ ಅದೀವಿ ಅನ್ನೂದು ಇವತ್ತ ಗೊತ್ತಾತು" ಎಂದಳು.

ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಗಾಲಿಮನೆಯವರಿಗೆ ಒಂದು ದಾರಿಪುಸ್ತಕ ಮಾಡಬೇಕು. ನಲವತ್ತು ಪುಟ, ಆರು ನಕ್ಷೆ. ಅರವತ್ತಾರರ ಮುದುಕಿಗೆ ಯಾಕೆ ಈ ಹುಚ್ಚು ಎಂದು ಕೇಳಿದವರಿಗೆಲ್ಲ ಹುಚ್ಚಿಗೆ ವಯಸ್ಸಿನ ಮಿತಿ ಇಲ್ಲ ಎಂದಿದ್ದೇನೆ. ಛಾಪಿಸುವುದು ನೀವೇ ಆಗಬೇಕು. ಕನ್ನಡ ಅಕ್ಷರವನ್ನು ನಿಮ್ಮಷ್ಟು ನೇರ ಕೂರಿಸುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ನಡುವೆ 2004ರ ಮಾತು ಇದೆ, ಗೊತ್ತು. ನಮ್ಮ ಕಚೇರಿಗಾಗಿ ನೀವು ಛಾಪಿಸಿದ ರಸ್ತೆ ನಕ್ಷೆಯಲ್ಲಿ ಮುಳ್ಳಹಳ್ಳದ ಮೇಲೆ ಇಲ್ಲದ ಸೇತುವೆ ಬಂತು. ಅದನ್ನು ನಂಬಿ ಟೆಂಪೊ ಡ್ರೈವರ್ ಅಕ್ರಮ್ ಮಳೆಯಲ್ಲಿ ಗಾಡಿ ಓಡಿಸಿ ಹಳ್ಳಕ್ಕೆ ಬಿದ್ದ, ಕಾಲು ಮುರಿದುಕೊಂಡ. ವಿಚಾರಣೆಯಲ್ಲಿ ತಪ್ಪು ಛಾಪಖಾನೆಯದು ಎಂದಾಯಿತು. ಸರ್ಕಾರಿ ಕೆಲಸ ನಿಮಗೆ ನಿಂತುಹೋಯಿತು. ಆದದ್ದು ಆಯಿತು. ಇಪ್ಪತ್ತು ವರ್ಷ ಮಾತು ಬಿಟ್ಟದ್ದು ಸಾಕು.

ನಿಮ್ಮ
ಗುರುದೇವಿ
(ಕೈ ಇನ್ನೂ ನಡುಗುವುದಿಲ್ಲ)


ಮೋಮಿನಪುರ, ಕಲಬುರಗಿ
27 ಜನವರಿ 2025

ಗುರುದೇವಿಬಾಯಿಗೆ ಸಲಾಂ.

ನಿಮ್ಮ ಕಾಗದ ಹರಿಯಲಿಲ್ಲ. ಹಿಂದಿನ ಮಗ್ಗುಲು ಖಾಲಿ ಇತ್ತು, ಅದರ ಮೇಲೆ ಒಂದು ಮದುವೆ ಕಾರ್ಡಿನ ಪ್ರೂಫ್ ತೆಗೆದೆ.

ಆದದ್ದು ಆಯಿತು ಎಂದು ಬರೆದಿದ್ದೀರಿ. ಬರೆಯುವುದು ಸುಲಭ. ನಕ್ಷೆಯ ಕೆಲಸ ನಾನು ಮುಟ್ಟುವುದಿಲ್ಲ. ಆ ವರ್ಷದ ನಂತರ ಮದುವೆ ಕಾರ್ಡಿನ ಹಿಂದೆ ಮಂಟಪಕ್ಕೆ ಹೋಗುವ ದಾರಿ ಎಂದು ನಾಲ್ಕು ಗೆರೆಯ ಚಿತ್ರ ಬಂದರೂ ವಾಪಸ್ ಕಳಿಸಿದ್ದೇನೆ. ಗಿರಾಕಿ ಹೋದರೆ ಹೋಗಲಿ.

ನಮ್ಮ ಮನೆಯವರು ತೀರಿಕೊಂಡು ಆರು ವರ್ಷ. ಅವತ್ತು ನೀವು ನಮ್ಮ ಓಣಿಯ ಬಾಯಿಯ ತನಕ ಬಂದು ಹೊರಳಿ ಹೋದಿರೆಂದು ಹಣ್ಣಿನ ಬಂಡಿಯವನು ಹೇಳಿದ. ಯಾಕೆ ಎಂದು ನಾನು ಕೇಳುವುದಿಲ್ಲ. ನಾನೂ ನಿಮ್ಮ ಮನೆಯ ಕಡೆ ಬಂದವಳಲ್ಲ.

ಅಕ್ರಮ್ ಹುಮನಾಬಾದ್ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನಮ್ಮ ಛಾಪಖಾನೆಯಿಂದ ಇನ್ನೊಂದು ನಕ್ಷೆ ಬರುವುದು ಬೇಕೇ ಎಂದು ಮೊದಲು ಅವನನ್ನು ಕೇಳಿ. ಬೇಡ ಎಂದರೆ ನನಗೆ ಮತ್ತೆ ಬರೆಯುವ ಕಾರಣ ಇಲ್ಲ.

ಇಕ್ಬಾಲ್ ಬೇಗಂ


ಕಮಲಾಪುರ
19 ಫೆಬ್ರುವರಿ 2025

ಇಕ್ಬಾಲ್ ಬೇಗಂ ಅವರಿಗೆ,

ಹೋಗಿದ್ದೆ. ನೀವು ಹೋಗಿ ಅಂದಿರಿ ಎಂದಲ್ಲ. ಇಪ್ಪತ್ತು ವರ್ಷದಿಂದ ಆ ಅಂಗಡಿಯ ಮುಂದೆ ಬಸ್ಸಿನಲ್ಲಿ ಹೋಗುವಾಗ ಇನ್ನೊಂದು ಕಡೆಯ ಕಿಟಕಿ ನೋಡುತ್ತ ಕೂತು ಕುತ್ತಿಗೆ ನೋವಾಗಿತ್ತು.

ಅಕ್ರಮ್ ದಪ್ಪ ಆಗಿದ್ದಾನೆ. ಕುಂಟುತ್ತಾನೆ, ಆದರೂ ಲಾರಿಯ ಗಾಲಿಯನ್ನು ಒಬ್ಬನೇ ಉರುಳಿಸುತ್ತಾನೆ. ಗುರುತು ಹೇಳಿದೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡಿದ. "ಯಾರದರ ತಪ್ಪಿರಲಿ ಬಾಯಿ, ಕಾಲ ನಂದ ಹೋತು" ಎಂದ. ಆಮೇಲೆ ಚಹಾ ತರಿಸಿದ. ಅವನ ಮುಂದೆ ನಾನು ಹೇಳಬೇಕಾದದ್ದು ಒಂದು ಇತ್ತು. ಚಹಾ ಕುಡಿದೆ. ಹೇಳಲಿಲ್ಲ.

ಪುಸ್ತಕದ ವಿಷಯ ತೆಗೆದಾಗ ಮಾತ್ರ ಅವನ ಮುಖ ಬೇರೆಯಾಯಿತು. ದಿನಕ್ಕೆ ಒಂದಾದರೂ ದೊಡ್ಡ ಗಾಡಿ ಅವನ ಅಂಗಡಿಗೆ ಬಂದು ನಿಂತು ದಾರಿ ಕೇಳುತ್ತದಂತೆ. "ಕೈಯಾಗ ಫೋನ್ ಹಿಡದೇ ಕೇಳ್ತಾರ್ರಿ! ಅದು ತೋರಿಸಿದ್ದು ಖರೇನೋ ಸುಳ್ಳೋ ಅಂತ ನನ್ನ ಕೇಳ್ತಾರ. ನಾ ಏನ ಆ ಫೋನಿನ ಮಾಸ್ತರನಾ?" ಎಂದು ನಕ್ಕ. ಮಾಡಬೇಕೋ ಬೇಡವೋ ಎಂದು ನೇರವಾಗಿ ಕೇಳಿದೆ. "ಮಾಡ್ರಿ. ಆದ್ರ ನಾ ಗಾಡಿ ಓಡಿಸಿ ನೋಡದ ಒಂದು ಗೆರೀನೂ ಛಾಪಿಸಬ್ಯಾಡ್ರಿ" ಎಂದ. ಅವನ ಹತ್ತಿರ ಹಳೆಯ ಪಿಕಪ್ ಇದೆ, ಕ್ಲಚ್ಚನ್ನು ಕೈಗೆ ಬರುವಂತೆ ಮಾಡಿಸಿಕೊಂಡಿದ್ದಾನೆ. ಅದರ ಮೇಲೆ ಕಾರವಾನಿನ ಎತ್ತರಕ್ಕೆ ಸರಿಯಾಗಿ ಒಂದು ಬಿದಿರಿನ ಗಳ ಕಟ್ಟಿಕೊಂಡು ಎಲ್ಲ ದಾರಿ ಓಡಿಸುವುದು, ಗಳ ಎಲ್ಲಿ ತಾಗುತ್ತದೋ ಅಲ್ಲಿ ನಾನು ಗುರುತು ಹಾಕುವುದು. ಈ ಉಪಾಯ ಅವನದೇ.

ನಾಲ್ಕು ಮಾದರಿ ಪುಟ ಇದರೊಳಗೆ ಇಟ್ಟಿದ್ದೇನೆ. ನೀವು ಛಾಪಿಸುವುದಿಲ್ಲ ಎಂದರೂ ಓದಿ ತಪ್ಪು ಹುಡುಕದೆ ಇರಲಾರಿರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ?

ಗುರುದೇವಿ


ಮೋಮಿನಪುರ, ಕಲಬುರಗಿ
10 ಮಾರ್ಚ್ 2025

ಗುರುದೇವಿಬಾಯಿಗೆ ಸಲಾಂ.

ರಂಜಾನ್ ನಡೆದಿದೆ. ಉಪವಾಸದಲ್ಲಿ ಸಿಟ್ಟು ಮಾಡಬಾರದು. ಅದಕ್ಕೇ ಈ ತಿಂಗಳು ನೋಡಿ ಬರೆಯುತ್ತಿದ್ದೇನೆ.

ನಾಲ್ಕು ಪುಟದಲ್ಲಿ ಹನ್ನೊಂದು ತಪ್ಪು ಇವೆ. ರಮಣೀಯ ಎಂದು ಮೂರು ಕಡೆ ಬರೆದಿದ್ದೀರಿ, ಹೊಡೆದು ಹಾಕಿದೆ. ಹೋದವರು ಕಣ್ಣಿದ್ದರೆ ನೋಡಿಕೊಳ್ಳುತ್ತಾರೆ. ನೀರು ಇದೆಯೋ ಇಲ್ಲವೋ ಅದನ್ನು ಬರೆಯಿರಿ.

ಅಕ್ರಮ್ ಮೊನ್ನೆ ತಾನೇ ಬಂದು ಬಾಗಿಲಲ್ಲಿ ನಿಂತು, "ಚಾಚಿ, ಬಾಯಿ ಅವರ ಪುಸ್ತಕ ಛಾಪಿಸ್ರಿ. ನಾ ಹೇಳಾಕತ್ತೀನಿ" ಎಂದ. ಅವನು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಆಗಲಿ ಎಂದೆ.

ಈಗ ಕರಾರು ಕೇಳಿ. ಬರಹದ ಪುಟಗಳನ್ನು ನಾನು ಜೋಡಿಸುತ್ತೇನೆ. ನಕ್ಷೆಯ ಹಾಳೆ ನನ್ನ ಮೇಜಿಗೆ ಬರಬಾರದು. ಅದನ್ನು ನಮ್ಮ ನೋಮಾನ್ ಕಂಪ್ಯೂಟರಿನಲ್ಲಿ ಮಾಡುತ್ತಾನೆ. ನೋಮಾನ್ ನನ್ನ ತಂಗಿಯ ಮಗ, ನಿಮಗೆ ನೆನಪಿದ್ದರೆ ಮೂಗು ಸೋರಿಸುತ್ತ ಮಷೀನಿನ ಕೆಳಗೆ ಆಡುತ್ತಿದ್ದ. ಈಗ ಮೂವತ್ತರ ಗಂಡಸು, ವ್ಯವಹಾರ ಪೂರಾ ಅವನ ಕೈಯಲ್ಲಿ. ನಿಮ್ಮ ಪುಟ ನೋಡಿ ನಕ್ಕ. "ಖಾಲಾ, ಕಾಗದದ ನಕ್ಷಾ ಈಗ ಯಾರ್ ತಗೋತಾರ? ಈ ಮಷೀನ್ ತೆಗದು ಫ್ಲೆಕ್ಸ್ ಮಷೀನ್ ಹಾಕಮು" ಎಂದ. ನಾನೂ ಬಿಡಲಿಲ್ಲ. "ಫ್ಲೆಕ್ಸಿನ ಮ್ಯಾಲ ನಿನ್ನ ಹುಟ್ಟುಹಬ್ಬದ ಫೋಟೊ ಮೂರು ದಿನ ಇರ್ತದ. ನಾಕನೇ ದಿನ ಎಮ್ಮಿ ಕೊಟ್ಟಿಗಿಗೆ ತಾಡಪತ್ರಿ ಆಗ್ತದ" ಎಂದೆ. ಅವನು ಮಳೆಗಾಲ ಮುಗಿಯುವುದರೊಳಗೆ ದೊಡ್ಡ ಕೆಲಸ ಯಾವುದೂ ಬರದಿದ್ದರೆ ಮಷೀನ್ ಮಾರುವುದೇ ಎಂದು ಹೇಳಿ ಹೋದ. ಇವರು ನಲವತ್ತು ವರ್ಷ ಎಣ್ಣೆ ಹಾಕಿದ ಮಷೀನು.

ಈದ್ ಆದಮೇಲೆ ಉಳಿದ ಪುಟ ಕಳಿಸಿ.

ಇಕ್ಬಾಲ್ ಬೇಗಂ


ಕಮಲಾಪುರ
17 ಏಪ್ರಿಲ್ 2025

ಇಕ್ಬಾಲ್ ಬೇಗಂ ಅವರಿಗೆ,

ಇಪ್ಪತ್ತೆರಡು ಪುಟ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇನೆ. ರಮಣೀಯ ಎಲ್ಲಿಯೂ ಇಲ್ಲ, ಹುಡುಕಬೇಡಿ.

ಬಿದಿರಿನ ಗಳ ಕಟ್ಟಿಕೊಂಡು ಅಕ್ರಮ್, ನಾನು ಹನ್ನೆರಡು ದಿನ ತಿರುಗಿದೆವು. ಜನ ಮೊದಲು ನಮ್ಮನ್ನು ಚುನಾವಣೆಯವರು ಎಂದುಕೊಂಡರು. ಶಹಾಬಜಾರದಲ್ಲಿ ಗಳ ಒಂದು ಮದುವೆ ಚಪ್ಪರದ ಬಟ್ಟೆಗೆ ಸಿಕ್ಕಿ, ಅರ್ಧ ಚಪ್ಪರ ನಮ್ಮ ಜೊತೆಗೇ ಹೊರಟಿತು. ಹೆಣ್ಣಿನ ಕಡೆಯ ವಿಮಲಾಬಾಯಿ ಎಂಬವರು ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದರು. "ಏನ್ರಿ ಇದು, ಮದಿವಿಗೆ ಬಂದೀರೋ ಮನಿ ಮುರೀಲಿಕ್ಕೆ ಬಂದೀರೋ?" ನಾನು ನಕ್ಷೆ ತೋರಿಸಿ ವಿಷಯ ಹೇಳಿದೆ. ಬೈಯುತ್ತಲೇ ಹಾಳೆ ನೋಡಿದರು, ಬೈಯುತ್ತಲೇ ತಮ್ಮ ಮನೆ ಎಲ್ಲಿದೆ ಎಂದು ಕೇಳಿದರು, ಬೆರಳಿಟ್ಟು ತೋರಿಸಿದ ಮೇಲೆ ಇಬ್ಬರಿಗೂ ಊಟ ಹಾಕಿ ಕಳಿಸಿದರು. ಕಾಗದದ ನಕ್ಷೆ ಕಂಡ ಮನುಷ್ಯರು ಮೊದಲು ತಮ್ಮ ಮನೆ ಹುಡುಕುತ್ತಾರೆ. ಫೋನಿನ ಮುಂದೆ ಯಾರಾದರೂ ಹಾಗೆ ಐದು ಜನ ಕೂಡಿ ಬಾಗುವುದನ್ನು ನೋಡಿದ್ದೀರಾ?

ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: ಶಹಾಬಜಾರಕ್ಕೆ ಗಾಲಿಮನೆ ಒಯ್ಯಬೇಡಿ. ಐವಾನ್-ಎ-ಶಾಹಿಯ ಕಡೆ ನೆರಳು ನೋಡಿ ನಿಲ್ಲಿಸಿ, ಆಟೊದಲ್ಲಿ ಹೋಗಿ, ಹಸಿದು ಹೋಗಿ.

ಗೆರೆಯ ವಿಷಯದಲ್ಲಿ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಅಕ್ರಮ್ ಓಡಿಸಿದ್ದು ಇದ್ದರೆ ಕಪ್ಪು ಗೆರೆ. ಇಲ್ಲದಿದ್ದರೆ ಗೆರೆಯೇ ಇಲ್ಲ. ಚುಕ್ಕೆ ಗೆರೆ, ಆಗಲಿರುವ ಗೆರೆ ಯಾವುದೂ ಈ ಪುಸ್ತಕದಲ್ಲಿ ಇರುವುದಿಲ್ಲ.

ಪ್ರೀತಿಯ ಕಾಗದ ಬಂದಿದೆ. ನಾನು ಬರೆದುಕೊಟ್ಟ ಹಾಳೆಯನ್ನು ವಿಜಯಪುರದಲ್ಲಿ ಜೊತೆಗೆ ತಂಗಿದ್ದ ಮೂರು ಗಾಡಿಯವರು ಕೂತು ಕೈಯಲ್ಲೇ ನಕಲು ಮಾಡಿಕೊಂಡರಂತೆ. ಅದಕ್ಕೂ ಮೊದಲು ಚಿಂಚೋಳಿಯ ಕಾಡಿನ ಕಡೆ ಫೋನು ಸತ್ತಾಗ ಪ್ರೀತಿ, ಯಶವಂತ ಅದೇ ಹಾಳೆ ಹಿಡಿದು ಹೊರಬಂದರಂತೆ. ಈಗ ಅವರ ಜೊತೆ ಗಾಡಿಯಲ್ಲಿರುವ ಅವಳ ಮಾವ ದಿನಾ ಬೆಳಿಗ್ಗೆ ಪೆನ್ಸಿಲ್ ಹಿಡಿದು ಹಾಳೆಯ ಅಂಚಿನಲ್ಲಿ ಏನೇನೋ ಬರೆಯುತ್ತಾರಂತೆ, ಯಾವ ಊರಿನ ಜೋಳದ ರೊಟ್ಟಿ ಹೇಗಿತ್ತು ಎಂದು. ನೋಮಾನನಿಗೆ ಓದಿ ಹೇಳಿ.

ಗುರುದೇವಿ


ಮೋಮಿನಪುರ, ಕಲಬುರಗಿ
6 ಮೇ 2025

ಗುರುದೇವಿಬಾಯಿಗೆ ಸಲಾಂ.

ಈ ಕಾಗದ ಬರೆಯಲು ನನಗೆ ಮನಸ್ಸಿಲ್ಲ. ಆದರೂ ಬರೆಯುತ್ತಿದ್ದೇನೆ.

ಕಾರವಾನ್ ಬಾಡಿಗೆಗೆ ಕೊಡುವ ಒಂದು ಕಂಪನಿಯವನು ಬಂದಿದ್ದ. ನೋಮಾನ್ ಅವನಿಗೆ ನಿಮ್ಮ ಪುಟಗಳನ್ನು ತೋರಿಸಿದ್ದ. ಸಾವಿರ ಪ್ರತಿ ತೆಗೆದುಕೊಳ್ಳುತ್ತಾರೆ, ಪ್ರತಿ ವರ್ಷ ಹೊಸದು ಛಾಪಿಸುತ್ತಾರೆ. ಅಷ್ಟು ಕೆಲಸ ಬಂದರೆ ಮಷೀನ್ ಮಾರುವ ಮಾತೇ ಇಲ್ಲ ಎಂದು ನೋಮಾನ್ ನನ್ನೆದುರೇ ಹೇಳಿದ.

ಅವರದು ಒಂದೇ ಬೇಡಿಕೆ. ಕಮಲಾಪುರದ ಹತ್ತಿರ ಅವರು ಗಾಲಿಮನೆ ನಿಲ್ಲಿಸುವ ತಂಗುದಾಣ ಕಟ್ಟಿಸುತ್ತಿದ್ದಾರೆ. ಅದಕ್ಕೆ ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ರಸ್ತೆ ಮಂಜೂರಾಗಿದೆ. ಆ ರಸ್ತೆ ನಕ್ಷೆಯಲ್ಲಿ ಬರಬೇಕು, ಕಪ್ಪು ಗೆರೆಯಲ್ಲಿ. ಮಂಜೂರಾತಿಯ ಕಾಗದವನ್ನು ನಾನೇ ಓದಿದೆ. ದಸರೆಯ ಹೊತ್ತಿಗೆ ಆಗುತ್ತದೆ ಎನ್ನುತ್ತಾರೆ.

ಬೇಡ ಎಂದು ಒಂದು ಮನಸ್ಸು ಹೇಳುತ್ತದೆ. ಇವರ ಮಷೀನನ್ನು ಗುಜರಿಯವನು ಬಂದು ಬಿಚ್ಚುವುದನ್ನು ನೋಡಲಾರೆ ಎಂದು ಇನ್ನೊಂದು ಮನಸ್ಸು ಹೇಳುತ್ತದೆ. ಬೇಕಾದರೆ ಚುಕ್ಕೆ ಗೆರೆ ಹಾಕಿ, ನಾನು ಮಾತಾಡಿ ಒಪ್ಪಿಸುತ್ತೇನೆ. ಕಣ್ಣು ಮುಚ್ಚಿಕೊಳ್ಳುವ ಹೆಂಗಸು ನಾನು ಎಂದು ನನಗೇ ಗೊತ್ತಿರಲಿಲ್ಲ.

ಬೇಗ ತಿಳಿಸಿ.

ಇಕ್ಬಾಲ್ ಬೇಗಂ


ಕಮಲಾಪುರ
13 ಮೇ 2025

ಇಕ್ಬಾಲ್ ಬೇಗಂ ಅವರಿಗೆ,

ಇಲ್ಲ. ಆ ರಸ್ತೆ ನಾನು ಬರೆಯುವುದಿಲ್ಲ. ಕಪ್ಪು ಗೆರೆಯೂ ಇಲ್ಲ, ಚುಕ್ಕೆ ಗೆರೆಯೂ ಇಲ್ಲ.

ಶನಿವಾರ ಅಕ್ರಮನ ಜೊತೆ ಹೋಗಿ ನೋಡಿ ಬಂದೆ. ಒಂದು ಬೋರ್ಡು, ನಾಲ್ಕು ಕಲ್ಲು. ಅದರಾಚೆ ತೊಗರಿ ಕೊಯ್ದ ಹೊಲ. ಹೊಲದ ಯಜಮಾನ ಮಾಳಿಂಗರಾಯ ಎಂಬವನು ಬೇವಿನ ಕೆಳಗೆ ಕೂತಿದ್ದ. ರಸ್ತೆ ಎಲ್ಲಿ ಎಂದು ಕೇಳಿದರೆ, "ಕಾಗದದಾಗ ಅದರಿ" ಎಂದ.

ಯಾಕೆ ಬರೆಯುವುದಿಲ್ಲ ಎಂಬುದನ್ನು ಇವತ್ತು ಹೇಳಿಬಿಡುತ್ತೇನೆ. 2004ರಲ್ಲಿ ಮುಳ್ಳಹಳ್ಳದ ಮೇಲೆ ಸೇತುವೆ ಬರೆದವಳು ನಾನು. ನಿಮ್ಮ ಛಾಪಖಾನೆಯಲ್ಲಿ ಯಾರೂ ತಪ್ಪು ಮಾಡಲಿಲ್ಲ.

ನಮ್ಮ ಕಚೇರಿಯಲ್ಲಿ ಒಂದು ರೂಢಿ ಇತ್ತು. ಆಗಬೇಕಾದ ಕೆಲಸಕ್ಕೆ ಚುಕ್ಕೆ ಗೆರೆ. ಮಂಜೂರಾದ ಕಾಗದ ಬಂದ ದಿನವೇ ಅದನ್ನು ಪೂರ್ತಿ ಗೆರೆ ಮಾಡುವುದು. ಮತ್ತೆ ಮತ್ತೆ ಹಾಳೆ ತೆಗೆಯುವ ಉಸಾಬರಿ ಯಾರಿಗೆ ಬೇಕು? ಆ ರೂಢಿಯ ಮೇಲೆ ಹಾಕಿ ನಾನು ಪಾರಾಗಬಹುದು. ಆದರೆ ಬೇರೆ ಟ್ರೇಸರುಗಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಮುಳ್ಳಹಳ್ಳದ ಆಚೆ ದಂಡೆಯ ಹಿಪ್ಪರಗಾ ನನ್ನ ತವರು. ಅಲ್ಲಿ ಸೇತುವೆ ಇಲ್ಲ ಎಂದು ನನ್ನ ಮೊಳಕಾಲಿಗೆ ಗೊತ್ತಿತ್ತು. ನಾಗರ ಪಂಚಮಿಗೆ ಎಲ್ಲ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಅದೇ ಶ್ರಾವಣದಲ್ಲಿ ಹಳ್ಳ ತುಂಬಿರುತ್ತದೆ. ಮದುವೆಯಾದ ಮೇಲೆ ಇಪ್ಪತ್ತೆರಡು ಪಂಚಮಿ ನಾನು ಹೋಗಲಿಲ್ಲ. ಅವ್ವ ಆಚೆ ದಂಡೆಗೆ ಬಂದು ನಿಂತು ಉಂಡಿಯ ಗಂಟು ತೋರಿಸಿ ವಾಪಸ್ ಹೋದ ವರ್ಷವೂ ಇದೆ. ಮಂಜೂರಾತಿಯ ಕಾಗದ ನನ್ನ ಮೇಜಿಗೆ ಬಂದಾಗ ನಾನು ತಡೆಯಲಿಲ್ಲ. ದಪ್ಪ ನಿಬ್ಬು ತೆಗೆದುಕೊಂಡು ಬರೆದೆ. ಅಷ್ಟು ಸಂತೋಷದಿಂದ ಯಾವ ಗೆರೆಯನ್ನೂ ಬರೆದವಳಲ್ಲ.

ಪ್ರೂಫ್ ತಂದ ದಿನ ನಿಮ್ಮ ಯಜಮಾನರು ಸಲಾವುದ್ದೀನ್ ಸಾಹೇಬರು ಅದೇ ಜಾಗದ ಮೇಲೆ ಬೆರಳಿಟ್ಟರು. "ಬಾಯಿ, ಈ ಪೂಲ್ ಖರೇನೇ ಅದ ಏನ್ರಿ? ನಮ್ಮ ಷಡ್ಡಕ ಮೊನ್ನಿ ನೀರಾಗ ಇಳದೇ ದಾಟ್ಯಾನ" ಎಂದು ಕೇಳಿದರು. ನಾನು "ಅದರಿ" ಎಂದೆ.

ಅಕ್ರಮ್ ಬಿದ್ದ ಮೂರನೆಯ ದಿನ ವಿಚಾರಣೆ. ಅವತ್ತು ಎಲ್ಲರಿಗಿಂತ ಮೊದಲೇ ಕಚೇರಿಗೆ ಹೋಗಿ, ಬ್ಲೇಡು ತೆಗೆದುಕೊಂಡು ಟ್ರೇಸಿಂಗಿನ ಮೇಲಿಂದ ಸೇತುವೆಯನ್ನು ಕೆರೆದು ತೆಗೆದೆ. ಮೂಲದಲ್ಲಿ ಇಲ್ಲ ಸಾಹೇಬರೇ, ಛಾಪಖಾನೆಯಲ್ಲಿ ಅಂಟಿಸಿದ್ದಾರೆ ಎಂದೆ. ಇಂಜಿನಿಯರು ಹಾಳೆಯನ್ನು ನಿಮ್ಮವರ ಕೈಗೆ ಕೊಟ್ಟರು. ಬ್ಲೇಡಿನಿಂದ ಕೆರೆದ ಜಾಗ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಅವರು ಹೆಬ್ಬೆರಳಿನಿಂದ ಸವರಿದರು. ನನ್ನ ಮುಖ ನೋಡಿದರು. "ಹೌದ್ ಸಾಹೇಬ್ರ, ಗಲ್ತಿ ನಮ್ದೇ" ಎಂದರು. ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಯಾಕೆ ಹಾಗಂದಿರಿ ಎಂದು ಕೇಳಿದೆ. "ನಿಮ್ಮ ನೌಕರಿ ಹೋದ್ರ ಹೊಳ್ಳಿ ಸಿಗೂದಿಲ್ಲ ಬಾಯಿ. ಛಾಪಖಾನಿ ನಮ್ದೇ ಅದ, ಯಾರ್ ಕಸ್ಕೋತಾರ? ಈ ಮಾತು ಇಲ್ಲೇ ಬಿಡ್ರಿ" ಎಂದರು. ನಾನು ಅಲ್ಲೇ ಬಿಟ್ಟೆ. ಬಿಟ್ಟು ಪೆನ್ಶನ್ ತನಕ ಬಂದೆ. ಅವರು ತೀರಿದ ದಿನ ನಿಮ್ಮ ಓಣಿಯಲ್ಲಿ ನನ್ನ ಕಾಲು ಮುಂದೆ ಹೋಗದ್ದು ಇದಕ್ಕೇ.

ಶನಿವಾರ ಆ ಹೊಲದ ಅಂಚಿನಲ್ಲೇ ಅಕ್ರಮನಿಗೆ ಎಲ್ಲ ಹೇಳಿದೆ. ಅವನು ಪಿಕಪ್ ಹತ್ತಿ ಕೀಲಿ ತಿರುಗಿಸಿದ. ಮಹಾಗಾಂವ ಕ್ರಾಸಿಗೆ ಬಂದು ಗಾಡಿ ನಿಲ್ಲಿಸಿ "ಇಳೀರಿ" ಎಂದ. ಇಳಿದೆ. ಬಸ್ಸು ಹಿಡಿದು ಮನೆಗೆ ಬಂದೆ. ನಿನ್ನೆ ಮುಂಜಾನೆ ಬಾಗಿಲಲ್ಲಿ ಹಾರ್ನ್ ಕೇಳಿಸಿತು. "ಚಿಂಚೋಳಿ ಕಡೀದು ಇನ್ನಾ ಉಳದದಲ್ಲ, ಬರ್ರಿ" ಎಂದ. ಮುಖ ನೋಡಲಿಲ್ಲ. ಸಂಜೆಯ ತನಕ ಓಡಿಸಿದ.

ಜೊತೆಗೆ ಇಟ್ಟಿರುವ ಹಾಳೆ ಪುಸ್ತಕದ ಮೊದಲ ಪುಟ. ಇಲ್ಲಿ ಹೇಳಿದ್ದನ್ನೇ ಅಲ್ಲಿ ಹತ್ತು ಸಾಲಿನಲ್ಲಿ ಬರೆದಿದ್ದೇನೆ, ನನ್ನ ಹೆಸರು ಹಾಕಿ. ಇಂಥ ಪುಟ ನೋಡಿದ ಮೇಲೆ ಯಾರೂ ಪುಸ್ತಕ ಕೊಳ್ಳುವುದಿಲ್ಲ ಎಂದು ನೋಮಾನ್ ಹೇಳಬಹುದು. ಕೊಳ್ಳದಿದ್ದರೆ ಬೇಡ. ಈ ಪುಟ ಇಲ್ಲದೆ ಪುಸ್ತಕ ಇಲ್ಲ.

ಗುರುದೇವಿ


ಕಮಲಾಪುರ
25 ಜೂನ್ 2025

ಇಕ್ಬಾಲ್ ಬೇಗಂ ಅವರಿಗೆ,

ಆರು ವಾರ ಆಯಿತು. ನಿಮ್ಮಿಂದ ಕಾಗದ ಇಲ್ಲ. ಸಿಟ್ಟು ನಿಮ್ಮ ಹಕ್ಕು, ಎಷ್ಟು ದಿನ ಬೇಕೋ ಇಟ್ಟುಕೊಳ್ಳಿ. ಕರಗಿಸಲು ಬರೆಯುತ್ತಿಲ್ಲ.

ಪುಸ್ತಕವನ್ನು ನಾನು ಬಿಡುವುದಿಲ್ಲ ಎಂದು ತಿಳಿಸಲು ಬರೆದೆ. ಕೈಯಲ್ಲೇ ನಕಲು ಮಾಡುತ್ತಿದ್ದೇನೆ. ಚಂದ್ರಶಾ ಹಾಳೆ ಕತ್ತರಿಸಿ ಹೊಲಿದು ಕೊಡುತ್ತಾರೆ. "ಇಷ್ಟು ಮಸಿ ಕುಡದ್ರ ಬಾಳಿ ಹಣ್ಣೂ ಕರ್ರಗಾಗ್ತಾವ" ಎಂದು ನಗುತ್ತಾರೆ. ನಾಲ್ಕು ದಿನಕ್ಕೆ ಒಂದು ಪುಸ್ತಕ ಆಗುತ್ತದೆ. ಪ್ರೀತಿಯ ಗುರುತಿನ ಗಾಲಿಮನೆಯವರಿಗೆ ನಲವತ್ತು ಬೇಕು, ವರ್ಷದೊಳಗೆ ಮುಗಿಸುತ್ತೇನೆ. ಪ್ರತಿಯೊಂದಕ್ಕೂ ಮೊದಲ ಪುಟವನ್ನು ಹೊಸದಾಗಿಯೇ ಬರೆಯುತ್ತೇನೆ. ಹನ್ನೊಂದು ಸಲ ಬರೆದಾಯಿತು. ಹನ್ನೊಂದನೆಯ ಸಲವೂ ಬರೆಯಲು ಕಷ್ಟವಾಯಿತು.

ಗುರುದೇವಿ


ಮೋಮಿನಪುರ, ಕಲಬುರಗಿ
21 ಜುಲೈ 2025

ಗುರುದೇವಿಬಾಯಿ,

ಬರೆಯಲು ಕೂತಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು. ನಿಮಗೆ ಅರ್ಧ, ಇವರಿಗೆ ಅರ್ಧ. ಸತ್ತವರನ್ನು ಬೈಯಬಾರದು ಎಂದು ಹರಿದು ಹಾಕುತ್ತಿದ್ದೆ.

ನಿಮಗೆ ಗೊತ್ತಿಲ್ಲದ್ದು ಒಂದು ಇದೆ. ನಿಮ್ಮ ಮೇಲಿನ ಸಿಟ್ಟಿನಿಂದ ನಾನು ಮಾತು ಬಿಟ್ಟೆ ಎಂದು ನೀವು ತಿಳಿದಿದ್ದೀರಿ. ಅಲ್ಲ. ನಾಚಿಕೆಯಿಂದ ಬಿಟ್ಟೆ. ಆ ನಕ್ಷೆಯಲ್ಲಿ ಊರಿನ ಹೆಸರು, ಸೇತುವೆ, ಬಾವಿ, ಗುಡಿ, ದರ್ಗಾದ ಗುರುತು ಎಲ್ಲವನ್ನೂ ಕತ್ತರಿಸಿ ಒಂದೊಂದಾಗಿ ಅಂಟಿಸಿದವಳು ನಾನು. ಸೇತುವೆಯ ಗುರುತು ಅಕ್ಕಿಕಾಳಿನಷ್ಟು ಇರುತ್ತಿತ್ತು. ಛಾಪಖಾನೆಯ ಗಲ್ತಿ ಎಂದು ಇವರು ಬಂದು ಹೇಳಿದ ದಿನ ನಾನು ಕೇಳಿದೆ: "ನನ್ನ ಕೈಯಿಂದ ಆತೇನ್ರಿ?" ಇವರು "ಹೋಗ್ಲಿ ಬಿಡು" ಎಂದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಮೂಲ ಹಾಳೆ ನಿಮ್ಮ ಕಚೇರಿಯಲ್ಲಿತ್ತು, ನೋಡುವ ದಾರಿ ಇರಲಿಲ್ಲ. ಒಂದು ಅಕ್ಕಿಕಾಳು ನನ್ನ ಬೆರಳಿಗೆ ಹತ್ತಿ ಬೇರೆ ಹಳ್ಳದ ಮೇಲೆ ಕೂತಿತು ಎಂದುಕೊಂಡೆ. ಅಕ್ರಮನ ಕಾಲು ಮುರಿದವಳು ನಾನೇ ಎಂದುಕೊಂಡೆ. ಇಪ್ಪತ್ತು ವರ್ಷ ಪ್ರತಿ ಈದಿಗೆ ಅವನ ಮನೆಗೆ ಶೀರ್ ಖುರ್ಮಾ ಕಳಿಸಿದೆ, ಒಂದು ಸಲವೂ ನಾನೇ ಒಯ್ದು ಕೊಡಲಿಲ್ಲ. ನಕ್ಷೆಯ ಹಾಳೆ ಕಂಡರೆ ಬೆರಳು ಬೆವರುತ್ತಿತ್ತು.

ಇವರು ನಿಮ್ಮ ನೌಕರಿ ಉಳಿಸಿದರು, ನನ್ನ ಕೈ ಕಳೆದರು. ದೊಡ್ಡ ಮನುಷ್ಯ ಎಂದು ನಿಮ್ಮ ಮೊದಲ ಪುಟದಲ್ಲಿ ಹೊಗಳಿದ್ದೀರಿ. ಆ ಸಾಲನ್ನು ತೆಗೆದಿದ್ದೇನೆ. ಅವರೂ ಸುಳ್ಳು ಹೇಳಿದರು ಎಂದು ಹಾಕಿದ್ದೇನೆ. ನಲವತ್ತು ವರ್ಷ ಸಂಸಾರ ಮಾಡಿದವಳು ನಾನು, ಆ ಹಕ್ಕು ನನಗಿದೆ.

ಮೇ ತಿಂಗಳಲ್ಲಿ ನಾನೂ ನಿಮ್ಮ ಹತ್ತಿರ ಒಂದು ಇಲ್ಲದ ಗೆರೆ ಕೇಳಿದ್ದೆ. ಅದನ್ನು ಮರೆತಿಲ್ಲ. ಮರೆತಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಕಂಪನಿಯವನಿಗೆ ನಾನೇ ಫೋನ್ ಮಾಡಿ, "ಮೊದಲ ರಸ್ತಾ ಮಾಡ್ರಿ, ಆಮ್ಯಾಲ ನಮ್ಮ ಅಕ್ರಮ್ ಓಡಿಸಿ ನೋಡ್ತಾನ, ಆಮ್ಯಾಲ ಗೆರಿ" ಎಂದೆ. ಅವನು ಸಾವಿರ ಪ್ರತಿಯ ಮಾತು ವಾಪಸ್ ತೆಗೆದುಕೊಂಡ. ನೋಮಾನ್ ಎರಡು ದಿನ ನನ್ನ ಜೊತೆ ಊಟ ಮಾಡಲಿಲ್ಲ. ಮೂರನೆಯ ದಿನ ಹಸಿದು ಬಂದ. ಮಳೆಗಾಲ ಮುಗಿದ ಮೇಲೆ ಮಷೀನ್ ಮಾರುವುದೇ ಎಂದು ಈಗಲೂ ಹೇಳುತ್ತಾನೆ. ಮಾರುವ ಮೊದಲು ಅದರ ಮೇಲೆ ಈ ಪುಸ್ತಕ ಬರುತ್ತದೆ. ಐನೂರು ಪ್ರತಿ. ನಲವತ್ತು ಹೋದರೂ ಸರಿ, ನಾಲ್ಕು ಹೋದರೂ ಸರಿ. ಕೈಯಲ್ಲಿ ನಕಲು ಮಾಡುವುದನ್ನು ಇವತ್ತೇ ನಿಲ್ಲಿಸಿ, ನಿಮ್ಮ ‘ಳ’ ಮೊದಲಿನಿಂದಲೂ ಸೊಟ್ಟ.

ಆರೂ ನಕ್ಷೆಗಳನ್ನು ನೋಮಾನನ ಕಂಪ್ಯೂಟರಿನಿಂದ ವಾಪಸ್ ತೆಗೆದುಕೊಂಡೆ. ಹೆಸರುಗಳನ್ನೂ ಗುರುತುಗಳನ್ನೂ ಛಾಪಿಸಿ, ಕತ್ತರಿಸಿ, ನಾನೇ ಅಂಟಿಸಿದೆ. ಹದಿನೇಳು ದಿನ ಹಿಡಿಯಿತು. ಮೊದಲ ದಿನ ಮೂರು ಹೆಸರು ಮಾತ್ರ ಆದವು. ಕೊನೆಯ ದಿನ ಅರವತ್ತು.

ಪುಸ್ತಕದ ಕೊನೆಯಲ್ಲಿ ಒಂದು ಸಾಲನ್ನು ನಿಮ್ಮನ್ನು ಕೇಳದೆ ಸೇರಿಸಿದ್ದೇನೆ: ನಕ್ಷೆಗಳಲ್ಲಿ ಹೆಸರು, ಗುರುತು ಅಂಟಿಸಿದವರು ಇಕ್ಬಾಲ್ ಬೇಗಂ. 2004ರ ನಕ್ಷೆಯ ಮೇಲೆ ನನ್ನ ಹೆಸರು ಇರಲಿಲ್ಲ. ತಪ್ಪು ಮಾತ್ರ ನನ್ನದಾಗಿತ್ತು.

ಕ್ಷಮೆ ಕೇಳಬೇಡಿ, ಈಗ ನನ್ನ ಹತ್ತಿರ ಇಲ್ಲ. ಪ್ರೂಫನ್ನು ಅಂಚೆಗೆ ಹಾಕುತ್ತಿಲ್ಲ, ಕಂಡಕ್ಟರನ ಕೈಗೂ ಕೊಡುತ್ತಿಲ್ಲ. ನೀವೇ ಬನ್ನಿ. ನನ್ನೆದುರು ಕೂತು ಒಂದೊಂದು ಗೆರೆ ನೋಡಿ, ಪ್ರತಿ ಹಾಳೆಯ ಕೆಳಗೆ ಸಹಿ ಮಾಡಿ. ಸಹಿ ಆಗುವ ತನಕ ಮಷೀನ್ ತಿರುಗುವುದಿಲ್ಲ.

ಇಕ್ಬಾಲ್ ಬೇಗಂ